ವರ್ಚುಯಲ್ ಯಂತ್ರಗಳಿಗೆ ಸ್ಥಾಯಿ ಸ್ಮೃತಿ ಸಾಧನಗಳ ಅಳವಡಿಕೆ – ಮಾಹಿತಿ ಲೇಖನ

1. ಪೀಠಿಕೆ

ಸರ್ಕಾರಿ ಕಚೇರಿಗಳ ದಾಖಲೆಗಳು ಇಂದು ಬಹುಮಟ್ಟಿಗೆ ವರ್ಚುಯಲ್ ಯಂತ್ರಗಳಲ್ಲಿ ನಿರ್ವಹಿಸಲ್ಪಡುತ್ತಿವೆ. ಈ ಯಂತ್ರಗಳಿಗೆ ಸ್ಥಾಯಿ ಸ್ಮೃತಿ, ಅಂದರೆ ಪರ್ಸಿಸ್ಟೆಂಟ್ ಮೆಮೊರಿ ಎಂದು ಕರೆಯಲಾಗುವ ಸಾಧನವನ್ನು ಜೋಡಿಸುವ ಬಗೆ, ಅದಕ್ಕೆ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಸರ್ವರ್ ಕೊಠಡಿಗಳ ನಿರ್ವಹಣೆಯಲ್ಲಿ ತೊಡಗಿರುವ ಸಿಬ್ಬಂದಿಗೂ, ತಮ್ಮ ದಾಖಲೆ ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿಯಬಯಸುವ ಸಾರ್ವಜನಿಕರಿಗೂ ಇದು ಉಪಯುಕ್ತವಾಗಬಹುದೆಂದು ಭಾವಿಸಲಾಗಿದೆ.

ಸೂಚನೆ: ಆಜ್ಞೆಗಳು ಹಾಗೂ ಆಯ್ಕೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಲಿಪಿಯಲ್ಲಿಯೇ ನಮೂದಿಸತಕ್ಕದ್ದು.

2. ಹಿನ್ನೆಲೆ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ ಕೋಣನಕುಂಟೆ ಗ್ರಾಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕನಕಪುರ ರಸ್ತೆಯ ಪಕ್ಕದ ಈ ಗ್ರಾಮವು ನಗರದೊಳಗೆ ಸೇರಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಪೈಕಿ ಒಂದಕ್ಕೆ ತನ್ನ ಹೆಸರನ್ನು ನೀಡಿತ್ತು. 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣವೂ ಕಾರ್ಯಾರಂಭ ಮಾಡಿತು. ಒಂದು ಕಾಲದ ಹೊಲಗದ್ದೆಗಳು ಬಡಾವಣೆಗಳಾಗಿ ಮಾರ್ಪಟ್ಟಿರುವ ಇಂತಹ ಊರುಗಳಲ್ಲಿ ನಿವೇಶನದ ಮೂಲವನ್ನು ತೋರಿಸಲು ಹಳೆಯ ಪಹಣಿ ಹಾಗೂ ಹಕ್ಕು ಬದಲಾವಣೆಯ ದಾಖಲೆಗಳೇ ಆಧಾರವಾಗಿರುತ್ತವೆ. ಒಂದು ಸರ್ವೆ ನಂಬರಿನ ಒಂದು ಸಾಲು ತಪ್ಪಿದರೂ ಒಂದು ಕುಟುಂಬದ ಸಾಲ, ಕ್ರಯ, ವಿಭಾಗ ಎಲ್ಲವೂ ನಿಲ್ಲುವ ಸಂಭವವಿರುತ್ತದೆ.

ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪಹಣಿಗಳು 2000ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯ ಭೂಮಿ ಯೋಜನೆಯಡಿ ಗಣಕೀಕೃತಗೊಂಡವು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಈ ಯೋಜನೆಯ ವ್ಯಾಪ್ತಿಗೆ ಬಂದವು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿದ್ದ ದತ್ತಾಂಶವು ಕ್ರಮೇಣ ಕೇಂದ್ರೀಕೃತ ದತ್ತಾಂಶ ಕೇಂದ್ರಗಳತ್ತ ಸಾಗಿತು. 2014ರಲ್ಲಿ ಕೇಂದ್ರ ಸರ್ಕಾರದ ಮೇಘರಾಜ್ ಉಪಕ್ರಮದಡಿ ರಾಷ್ಟ್ರೀಯ ಕ್ಲೌಡ್ ಸೇವೆ ಆರಂಭವಾದ ನಂತರ, ಸರ್ಕಾರಿ ತಂತ್ರಾಂಶಗಳನ್ನು ಪ್ರತ್ಯೇಕ ಯಂತ್ರಗಳ ಬದಲು ವರ್ಚುಯಲ್ ಯಂತ್ರಗಳಲ್ಲಿ ನಡೆಸುವ ಪದ್ಧತಿ ವ್ಯಾಪಕವಾಯಿತು.

ಕಾಗದದ ವಹಿಯಲ್ಲಿ ಬರೆದ ಸಾಲು ವಿದ್ಯುತ್ ಹೋದರೂ ಅಳಿಯುವುದಿಲ್ಲ. ಗಣಕಯಂತ್ರದ ಸ್ಮೃತಿಯಲ್ಲಿ ಬರೆದ ಸಾಲು ಅಳಿಯುತ್ತದೆ. ಈ ವ್ಯತ್ಯಾಸವೇ ಈ ಲೇಖನದ ವಿಷಯಕ್ಕೆ ಮೂಲವಾಗಿದೆ.

3. ಸ್ಥಾಯಿ ಸ್ಮೃತಿ ಎಂದರೇನು?

ಸಾಮಾನ್ಯ ಸ್ಮೃತಿ, ಅಂದರೆ ರ‍್ಯಾಮ್, ಅತಿ ವೇಗದ್ದಾಗಿದ್ದು ವಿದ್ಯುತ್ ನಿಂತೊಡನೆ ಬರಿದಾಗುತ್ತದೆ. ಡಿಸ್ಕ್ ನಿಧಾನವಾದರೂ ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಇವೆರಡರ ನಡುವಣ ಸಾಧನವೇ ಸ್ಥಾಯಿ ಸ್ಮೃತಿ. ಇದನ್ನು ಸ್ಮೃತಿಯ ಖಾನೆಯಲ್ಲಿಯೇ ಅಳವಡಿಸಲಾಗುತ್ತದೆ. ಸ್ಮೃತಿಯಂತೆಯೇ ನೇರವಾಗಿ ಓದಿ ಬರೆಯಲಾಗುತ್ತದೆ. ಆದರೆ ವಿದ್ಯುತ್ ಹೋದರೂ ಅದರಲ್ಲಿನ ದತ್ತಾಂಶ ಉಳಿಯುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳು ಬಳಕೆಗೆ ಬಂದಿವೆ.

(ಅ) ಎನ್‌ವಿಡಿಮ್-ಎನ್: ಸಾಮಾನ್ಯ ರ‍್ಯಾಮ್ ಜೊತೆಗೆ ಫ್ಲ್ಯಾಶ್ ಸ್ಮೃತಿಯನ್ನೂ, ಬ್ಯಾಟರಿ ಅಥವಾ ಕೆಪಾಸಿಟರ್ ರೂಪದ ಶಕ್ತಿಮೂಲವನ್ನೂ ಹೊಂದಿರುತ್ತದೆ. ವಿದ್ಯುತ್ ಕಡಿತವಾದ ಕ್ಷಣದಲ್ಲಿ ರ‍್ಯಾಮ್‌ನಲ್ಲಿರುವುದನ್ನು ಫ್ಲ್ಯಾಶ್‌ಗೆ ನಕಲು ಮಾಡಿಕೊಳ್ಳುತ್ತದೆ.

(ಆ) ಇಂಟೆಲ್ ಆಪ್ಟೇನ್ ಸ್ಥಾಯಿ ಸ್ಮೃತಿ: ಇಂಟೆಲ್ ಮತ್ತು ಮೈಕ್ರಾನ್ ಸಂಸ್ಥೆಗಳು 2015ರಲ್ಲಿ ಪ್ರಕಟಿಸಿದ ತಂತ್ರಜ್ಞಾನದ ಮೇಲೆ ರಚಿತವಾಗಿದ್ದು, 2019ರಲ್ಲಿ 128, 256 ಹಾಗೂ 512 ಗಿಗಾಬೈಟ್ ಗಾತ್ರಗಳಲ್ಲಿ ಮಾರುಕಟ್ಟೆಗೆ ಬಂದಿತು. 2022ರ ಜುಲೈ ತಿಂಗಳಿನಲ್ಲಿ ಇಂಟೆಲ್ ಸಂಸ್ಥೆಯು ಈ ವ್ಯವಹಾರವನ್ನು ಮುಕ್ತಾಯಗೊಳಿಸುವುದಾಗಿ ಘೋಷಿಸಿತು. ಆದಾಗ್ಯೂ ಆ ಅವಧಿಯಲ್ಲಿ ಖರೀದಿಸಲಾದ ಸರ್ವರ್‌ಗಳಲ್ಲಿ ಈ ಸಾಧನಗಳು ಇರುವುದರಿಂದ ಅವುಗಳ ನಿರ್ವಹಣೆಯನ್ನು ತಿಳಿದಿರುವುದು ಅವಶ್ಯಕ.

4. ಇದರ ಅಗತ್ಯವೇನು?

ವಾಣಿಜ್ಯ ಲೆಕ್ಕಪತ್ರದ ಒಂದು ನಿಯಮದಿಂದ ಇದನ್ನು ಸುಲಭವಾಗಿ ಅರಿಯಬಹುದು. ಹಣ ಸ್ವೀಕರಿಸಿದೊಡನೆ ನಗದು ಪುಸ್ತಕದಲ್ಲಿ ನಮೂದಾಗಬೇಕು. ಖಾತೆ ಪುಸ್ತಕಕ್ಕೆ ಅನಂತರ ವರ್ಗಾಯಿಸಬಹುದು. ನಗದು ಪುಸ್ತಕ ಸರಿಯಾಗಿದ್ದರೆ ಖಾತೆ ಪುಸ್ತಕವನ್ನು ಮತ್ತೆ ಬರೆಯಲು ಸಾಧ್ಯ. ನಗದು ಪುಸ್ತಕದಲ್ಲಿ ನಮೂದಿಸದೆ ರಸೀದಿ ನೀಡಿದಲ್ಲಿ, ರಸೀದಿ ಹಿಡಿದ ವ್ಯಕ್ತಿ ಒಂದು ಕಡೆ, ಲೆಕ್ಕ ಮತ್ತೊಂದು ಕಡೆ ಉಳಿಯುತ್ತದೆ.

ದತ್ತಸಂಚಯ ತಂತ್ರಾಂಶಗಳು ಇದೇ ನಿಯಮವನ್ನು ಅನುಸರಿಸುತ್ತವೆ. ಪ್ರತಿ ಬದಲಾವಣೆಯನ್ನು ಮೊದಲು ದಿನಚರಿ ಕಡತದಲ್ಲಿ ಬರೆದು, ಅದು ಸ್ಥಿರವಾದ ನಂತರವೇ ಅರ್ಜಿದಾರರಿಗೆ ಸ್ವೀಕೃತಿ ಸಂಖ್ಯೆ ನೀಡುತ್ತವೆ. ಈ ದಿನಚರಿ ಕಡತವನ್ನು ಸ್ಥಾಯಿ ಸ್ಮೃತಿಯಲ್ಲಿ ಇರಿಸಿದಲ್ಲಿ, ಡಿಸ್ಕ್‌ಗಾಗಿ ಕಾಯುವ ಸಮಯ ಉಳಿಯುತ್ತದೆ ಹಾಗೂ ಸ್ವೀಕೃತಿಯ ನಂಬಿಕೆಯೂ ಉಳಿಯುತ್ತದೆ. ಆದರೆ ಸಾಧನವನ್ನು ತಪ್ಪಾಗಿ ಅಳವಡಿಸಿದಲ್ಲಿ ವೇಗ ದೊರೆಯುತ್ತದೆ, ನಂಬಿಕೆ ದೊರೆಯುವುದಿಲ್ಲ. ಈ ದೋಷವು ವಿದ್ಯುತ್ ಹೋಗುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

5. ವರ್ಚುಯಲ್ ಯಂತ್ರದಲ್ಲಿ ಉದ್ಭವಿಸುವ ಪ್ರಶ್ನೆ

ಒಂದು ಭೌತಿಕ ಸರ್ವರ್‌ನಲ್ಲಿ ತಂತ್ರಾಂಶದ ನೆರವಿನಿಂದ ರೂಪಿಸಲಾದ ಹಲವು ಗಣಕಯಂತ್ರಗಳೇ ವರ್ಚುಯಲ್ ಯಂತ್ರಗಳು. ಭೌತಿಕ ಸರ್ವರನ್ನು ಅತಿಥೇಯ ಎಂದೂ, ಅದರೊಳಗಿನ ಯಂತ್ರವನ್ನು ಅತಿಥಿ ಎಂದೂ ಕರೆಯಲಾಗುತ್ತದೆ. ಅತಿಥಿ ಯಂತ್ರವು ತನಗೆ ತೋರಿಸಿದ್ದನ್ನೇ ನಂಬುತ್ತದೆ. ಅತಿಥೇಯದ ಸಾಧಾರಣ ಡಿಸ್ಕಿನಲ್ಲಿನ ಒಂದು ಕಡತವನ್ನು, ಅಷ್ಟೇ ಏಕೆ, ಸಾಧಾರಣ ರ‍್ಯಾಮನ್ನೂ ಸ್ಥಾಯಿ ಸ್ಮೃತಿ ಎಂದು ಅದಕ್ಕೆ ತೋರಿಸಲು ಸಾಧ್ಯ. ಕಲಿಕೆಗೆ ಹಾಗೂ ತಂತ್ರಾಂಶ ಪರೀಕ್ಷೆಗೆ ಇದು ಅನುಕೂಲಕರ. ಸಾರ್ವಜನಿಕ ದಾಖಲೆಗಳಿಗೆ ಇದು ಸರ್ವಥಾ ಸಲ್ಲದು.

6. ಅತಿಥೇಯ ಯಂತ್ರದಲ್ಲಿ ಪೂರ್ವಸಿದ್ಧತೆ

(1) ಆಪ್ಟೇನ್ ಸಾಧನಗಳಿಗೆ ಎರಡು ವಿಧಾನಗಳಿವೆ. ಮೆಮೊರಿ ಮೋಡ್‌ನಲ್ಲಿ ಅದು ಕೇವಲ ದೊಡ್ಡ ಗಾತ್ರದ ರ‍್ಯಾಮ್ ಆಗಿರುತ್ತದೆ, ಅದರಲ್ಲಿ ಸ್ಥಾಯಿತ್ವವಿಲ್ಲ. ಆ್ಯಪ್ ಡೈರೆಕ್ಟ್ ಮೋಡ್‌ನಲ್ಲಿ ಮಾತ್ರ ದತ್ತಾಂಶ ಉಳಿಯುತ್ತದೆ. ಐಪಿಎಂಸಿಟಿಎಲ್ ಎಂಬ ಉಪಕರಣದಿಂದ ಇದನ್ನು ಆಯ್ಕೆ ಮಾಡಿ ಸರ್ವರನ್ನು ಪುನರಾರಂಭಿಸತಕ್ಕದ್ದು.

(2) ಲಿನಕ್ಸ್ ಅತಿಥೇಯದಲ್ಲಿ ಎನ್‌ಡಿಸಿಟಿಎಲ್ ಉಪಕರಣದಿಂದ ನೇಮ್‌ಸ್ಪೇಸ್ ರಚಿಸಲಾಗುತ್ತದೆ. ಎಫ್‌ಎಸ್‌ಡ್ಯಾಕ್ಸ್ ವಿಧಾನದಲ್ಲಿ ಕಡತ ವ್ಯವಸ್ಥೆಯನ್ನು ಸ್ಥಾಪಿಸಿ ಒಂದೊಂದು ಅತಿಥಿಗೆ ಒಂದೊಂದು ಕಡತ ನೀಡಬಹುದು. ಡೆವ್‌ಡ್ಯಾಕ್ಸ್ ವಿಧಾನದಲ್ಲಿ ಸಾಧನವನ್ನೇ ನೇರವಾಗಿ ನೀಡಲಾಗುತ್ತದೆ.

(3) ಎಫ್‌ಎಸ್‌ಡ್ಯಾಕ್ಸ್ ಬಳಸಿದಲ್ಲಿ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಡ್ಯಾಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡತಕ್ಕದ್ದು. ಈ ಆಯ್ಕೆಯನ್ನು ಬಿಟ್ಟಲ್ಲಿ ಬರಹವು ರ‍್ಯಾಮ್‌ನಲ್ಲಿನ ತಾತ್ಕಾಲಿಕ ಸಂಗ್ರಹದ ಮೂಲಕ ಸಾಗುತ್ತದೆ.

7. ಅಳವಡಿಕೆಯ ವಿಧಾನಗಳು

7.1 ಕೆವಿಎಂ ಮತ್ತು ಕ್ಯುಎಮು

ಮುಕ್ತ ತಂತ್ರಾಂಶವಾದ ಕ್ಯುಎಮು 2016ರ 2.6ನೇ ಆವೃತ್ತಿಯಿಂದ ವರ್ಚುಯಲ್ ಎನ್‌ವಿಡಿಮ್ ಸಾಧನವನ್ನು ಒದಗಿಸುತ್ತಿದೆ. ಅನುಸರಿಸಬೇಕಾದ ಕ್ರಮ ಈ ಕೆಳಕಂಡಂತಿದೆ.

(1) ಯಂತ್ರದ ಆಯ್ಕೆಯಲ್ಲಿ ಎನ್‌ವಿಡಿಮ್ ಸೌಲಭ್ಯವನ್ನು ಸಕ್ರಿಯಗೊಳಿಸುವುದು.

(2) ಸ್ಮೃತಿಯ ಆಯ್ಕೆಯಲ್ಲಿ ಖಾನೆಗಳ ಸಂಖ್ಯೆ ಹಾಗೂ ಗರಿಷ್ಠ ಸ್ಮೃತಿಯನ್ನು ನಮೂದಿಸುವುದು. ಗರಿಷ್ಠ ಮಿತಿಯು ಸಾಮಾನ್ಯ ಸ್ಮೃತಿ ಮತ್ತು ಸ್ಥಾಯಿ ಸ್ಮೃತಿ ಎರಡರ ಮೊತ್ತಕ್ಕಿಂತ ಕಡಿಮೆ ಇರಬಾರದು. ಉದಾಹರಣೆಗೆ, ಸಾಮಾನ್ಯ ಸ್ಮೃತಿ 8 ಗಿಗಾಬೈಟ್, ಸ್ಥಾಯಿ ಸ್ಮೃತಿ 16 ಗಿಗಾಬೈಟ್ ಇದ್ದಲ್ಲಿ ಮಿತಿ ಕನಿಷ್ಠ 24 ಗಿಗಾಬೈಟ್ ಇರತಕ್ಕದ್ದು.

(3) ಮೆಮೊರಿ-ಬ್ಯಾಕೆಂಡ್-ಫೈಲ್ ಎಂಬ ಘಟಕವನ್ನು ರಚಿಸಿ, ಅದಕ್ಕೆ ಅತಿಥೇಯದ ಸ್ಥಾಯಿ ಸ್ಮೃತಿಯಲ್ಲಿನ ಕಡತದ ಅಥವಾ ಸಾಧನದ ಮಾರ್ಗ ಹಾಗೂ ಗಾತ್ರವನ್ನು ನೀಡುವುದು. ಶೇರ್ ಆಯ್ಕೆ ಆನ್ ಆಗಿರತಕ್ಕದ್ದು. ಆಫ್ ಆಗಿದ್ದಲ್ಲಿ ಅತಿಥಿಯ ಬರಹ ಮೂಲ ಕಡತವನ್ನು ತಲುಪುವುದೇ ಇಲ್ಲ. ನೈಜ ಸ್ಥಾಯಿ ಸ್ಮೃತಿಯಾಗಿದ್ದಲ್ಲಿ ಪಿಮೆಮ್ ಆಯ್ಕೆಯನ್ನೂ ಆನ್ ಮಾಡುವುದು.

(4) ಎನ್‌ವಿಡಿಮ್ ಸಾಧನವನ್ನು ಸೇರಿಸಿ ಅದನ್ನು ಮೇಲ್ಕಂಡ ಘಟಕಕ್ಕೆ ಜೋಡಿಸುವುದು. ಲೇಬಲ್ ಪ್ರದೇಶ ಬೇಕಿದ್ದಲ್ಲಿ ಕನಿಷ್ಠ 128 ಕಿಲೋಬೈಟ್ ಮೀಸಲಿರಿಸುವುದು.

(5) ಲಿಬ್‌ವರ್ಟ್ ಮೂಲಕ ನಿರ್ವಹಿಸುವ ಕಚೇರಿಗಳಲ್ಲಿ ಇದೇ ವಿವರಗಳನ್ನು ಯಂತ್ರದ ವಿವರಣಾ ಕಡತದ ಮೆಮೊರಿ ಭಾಗದಲ್ಲಿ ನಮೂದಿಸುವುದು.

(6) ಅತಿಥಿ ಲಿನಕ್ಸ್ ಯಂತ್ರದಲ್ಲಿ ಪಿಮೆಮ್0 ಎಂಬ ಸಾಧನ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಕಡತ ವ್ಯವಸ್ಥೆಯನ್ನು ರಚಿಸಿ ಡ್ಯಾಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡುವುದು.

ಲೇಬಲ್ ಬಗ್ಗೆ ಎಚ್ಚರಿಕೆ: ಲೇಬಲ್ ಪ್ರದೇಶವು ಕಡತದ ಕೊನೆಯ ಭಾಗದಲ್ಲಿರುತ್ತದೆ. ಲೇಬಲ್ ಇಲ್ಲದೆ ಬಳಸಿದ ಕಡತಕ್ಕೆ ಅನಂತರ ಲೇಬಲ್ ಸೇರಿಸಿದಲ್ಲಿ, ಆ ಭಾಗದಲ್ಲಿದ್ದ ದತ್ತಾಂಶವು ಅತಿಥಿಗೆ ದೊರೆಯದೆ ಕಡತ ವ್ಯವಸ್ಥೆಯೇ ಕೆಡುವ ಸಂಭವವಿದೆ. ಆದುದರಿಂದ ಮೊದಲ ದಿನವೇ ಇದನ್ನು ನಿರ್ಧರಿಸತಕ್ಕದ್ದು.

ಅತಿಥೇಯದಲ್ಲಿ ನೈಜ ಸ್ಥಾಯಿ ಸ್ಮೃತಿ ಇಲ್ಲದಿದ್ದಲ್ಲಿ ಎರಡು ದಾರಿಗಳಿವೆ. ಮೊದಲನೆಯದು, ಅನ್‌ಆರ್ಮ್ಡ್ ಆಯ್ಕೆಯನ್ನು ಆನ್ ಮಾಡುವುದು. ಆಗ ಲಿನಕ್ಸ್ ಅತಿಥಿಯು ಸಾಧನವನ್ನು ಓದಲು ಮಾತ್ರ ಬಳಸುತ್ತದೆ. ಎರಡನೆಯದು, 2019ರಲ್ಲಿ ಲಿನಕ್ಸ್ 5.3 ಹಾಗೂ ಕ್ಯುಎಮು 4.1 ಆವೃತ್ತಿಗಳಲ್ಲಿ ಸೇರ್ಪಡೆಯಾದ ವರ್ಟಿಯೋ-ಪಿಮೆಮ್ ಸಾಧನವನ್ನು ಬಳಸುವುದು. ಇದರಲ್ಲಿ ಅತಿಥಿಯು ಎಫ್‌ಸಿಂಕ್ ಕೋರಿದಾಗ, ಆ ಕೋರಿಕೆ ಅತಿಥೇಯವನ್ನು ತಲುಪಿ ಕಡತವು ಡಿಸ್ಕಿಗೆ ಬರೆಯಲ್ಪಡುತ್ತದೆ. ಇದು ಪ್ರಾಮಾಣಿಕ ವಿಧಾನ. ಆದರೆ ತಂತ್ರಾಂಶವು ಎಫ್‌ಸಿಂಕ್ ಕೋರುವುದನ್ನು ಬಿಟ್ಟು ಕೇವಲ ಸಂಸ್ಕಾರಕದ ಆಜ್ಞೆಗಳನ್ನು ಅವಲಂಬಿಸಿದಲ್ಲಿ ಇಲ್ಲಿ ಸಾಲದು.

7.2 ವಿಎಂವೇರ್ ವಿಸ್ಪಿಯರ್

ಕೋಣನಕುಂಟೆಗೆ ಸಮೀಪದ ಜೆ.ಪಿ. ನಗರ ಹಾಗೂ ಬನ್ನೇರುಘಟ್ಟ ರಸ್ತೆಯ ಪ್ರದೇಶದಲ್ಲಿ ದೀರ್ಘಕಾಲ ಕಚೇರಿ ಹೊಂದಿದ್ದ ವಿಎಂವೇರ್ ಸಂಸ್ಥೆಯು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ ಅಧೀನಕ್ಕೆ ಬಂದಿತು. ಇದರ ವಿಸ್ಪಿಯರ್ 6.7ನೇ ಆವೃತ್ತಿಯಲ್ಲಿ (2018) ಸ್ಥಾಯಿ ಸ್ಮೃತಿಯ ಸೌಲಭ್ಯವನ್ನು ಪರಿಚಯಿಸಲಾಯಿತು. ಅತಿಥೇಯದಲ್ಲಿನ ಸಾಧನಗಳು ಸೇರಿ ಒಂದೇ ಸ್ಥಳೀಯ ಪಿಮೆಮ್ ಸಂಗ್ರಹವಾಗುತ್ತವೆ. ಅದನ್ನು ಅತಿಥಿಗೆ ಎರಡು ರೂಪಗಳಲ್ಲಿ ನೀಡಬಹುದು.

– ವರ್ಚುಯಲ್ ಎನ್‌ವಿಡಿಮ್: ಅತಿಥಿಯು ನೇರವಾಗಿ ಸ್ಮೃತಿಯಾಗಿ ಬಳಸುತ್ತದೆ. ವರ್ಚುಯಲ್ ಯಂತ್ರಾಂಶದ 14ನೇ ಅಥವಾ ಅನಂತರದ ಆವೃತ್ತಿ ಹಾಗೂ ಈ ಸಾಧನವನ್ನು ಅರಿತಿರುವ ಕಾರ್ಯಾಚರಣಾ ವ್ಯವಸ್ಥೆ ಅವಶ್ಯಕ.

– ಪಿಮೆಮ್ ಡಿಸ್ಕ್: ಅತಿಥಿಗೆ ಸಾಮಾನ್ಯ ಡಿಸ್ಕಿನಂತೆಯೇ ತೋರುತ್ತದೆ. ಹಳೆಯ ಕಾರ್ಯಾಚರಣಾ ವ್ಯವಸ್ಥೆಗಳಿಗೂ ಸೂಕ್ತ.

7.3 ಮೈಕ್ರೋಸಾಫ್ಟ್ ಹೈಪರ್-ವಿ

ವಿಂಡೋಸ್ ಸರ್ವರ್ 2019ರಲ್ಲಿ ಎರಡನೇ ಪೀಳಿಗೆಯ ವರ್ಚುಯಲ್ ಯಂತ್ರಗಳಿಗೆ ಈ ಸೌಲಭ್ಯವಿದೆ. ಮೊದಲು ಅತಿಥೇಯದಲ್ಲಿ ಎನ್‌ಟಿಎಫ್‌ಎಸ್ ವಿಭಾಗವನ್ನು ಡ್ಯಾಕ್ಸ್ ಆಯ್ಕೆಯೊಂದಿಗೆ ಫಾರ್ಮ್ಯಾಟ್ ಮಾಡುವುದು. ಅದರಲ್ಲಿ ನಿಗದಿತ ಗಾತ್ರದ ವಿಎಚ್‌ಡಿಪಿಮೆಮ್ ಕಡತವನ್ನು ರಚಿಸುವುದು. ಯಂತ್ರವನ್ನು ಸ್ಥಗಿತಗೊಳಿಸಿ ಪಿಮೆಮ್ ನಿಯಂತ್ರಕವನ್ನು ಸೇರಿಸುವುದು. ಅನಂತರ ಸದರಿ ಕಡತವನ್ನು ಆ ನಿಯಂತ್ರಕಕ್ಕೆ ಜೋಡಿಸುವುದು. ಈ ಬಗೆಯ ಯಂತ್ರಗಳಿಗೆ ಚೆಕ್‌ಪಾಯಿಂಟ್ ಹಾಗೂ ಚಾಲನೆಯಲ್ಲಿರುವಾಗಲೇ ವರ್ಗಾಯಿಸುವ ಸೌಲಭ್ಯಗಳು ದೊರೆಯುವುದಿಲ್ಲವಾದ್ದರಿಂದ ನಿರ್ವಹಣಾ ದಿನಗಳನ್ನು ಮುಂಚಿತವಾಗಿ ಯೋಜಿಸತಕ್ಕದ್ದು.

8. ಸ್ಥಾಯಿತ್ವದ ಪರೀಕ್ಷೆ

ಅಳವಡಿಕೆಯ ನಂತರ ಅತಿಥಿ ಯಂತ್ರವನ್ನು ಪುನರಾರಂಭಿಸಿ, ಕಡತ ಉಳಿದಿದೆ ಎಂದು ನೋಡಿ, ಕೆಲಸ ಪೂರ್ಣಗೊಂಡಿತೆಂದು ಭಾವಿಸುವುದುಂಟು. ಇದು ಪರೀಕ್ಷೆಯೇ ಅಲ್ಲ. ಕಾರಣಗಳು ಇಂತಿವೆ.

(ಅ) ಅತಿಥಿ ಮಾತ್ರ ಪುನರಾರಂಭವಾದಾಗ ಅತಿಥೇಯದ ರ‍್ಯಾಮ್ ಬರಿದಾಗುವುದಿಲ್ಲ. ಸಾಧಾರಣ ಕಡತವನ್ನು ಬಳಸಿದ್ದರೂ ದತ್ತಾಂಶ ಉಳಿದಂತೆ ಕಾಣುತ್ತದೆ.

(ಆ) ಅತಿಥೇಯವನ್ನು ಕ್ರಮಬದ್ಧವಾಗಿ ಸ್ಥಗಿತಗೊಳಿಸಿದಾಗ, ರ‍್ಯಾಮ್‌ನಲ್ಲಿ ಬಾಕಿ ಇದ್ದ ಬರಹಗಳನ್ನು ಅದು ಡಿಸ್ಕಿಗೆ ಬರೆದ ನಂತರವೇ ನಿಲ್ಲುತ್ತದೆ. ಆಗಲೂ ದೋಷ ಹೊರಬೀಳುವುದಿಲ್ಲ.

(ಇ) ಅತಿಥೇಯದ ವಿದ್ಯುತ್ತನ್ನು ಏಕಾಏಕಿ ಕಡಿತಗೊಳಿಸಿದಾಗ ಮಾತ್ರ ನಿಜಾಂಶ ತಿಳಿಯುತ್ತದೆ.

ಆದುದರಿಂದ, ಸೇವೆಗೆ ಒಳಪಡಿಸುವ ಮುನ್ನ, ನೈಜ ದಾಖಲೆಗಳಿಲ್ಲದ ಯಂತ್ರದಲ್ಲಿ, ಕ್ರಮಸಂಖ್ಯೆಯುಳ್ಳ ನಮೂದುಗಳನ್ನು ಒಂದರ ನಂತರ ಒಂದರಂತೆ ಬರೆಯುತ್ತಾ, ಪ್ರತಿ ಸ್ವೀಕೃತಿ ಸಂಖ್ಯೆಯನ್ನು ಬೇರೊಂದು ಗಣಕಯಂತ್ರದಲ್ಲಿ ದಾಖಲಿಸಿಕೊಂಡು, ನಡುವೆ ವಿದ್ಯುತ್ ಕಡಿತಗೊಳಿಸತಕ್ಕದ್ದು. ಅನಂತರ ಎರಡೂ ಪಟ್ಟಿಗಳನ್ನು ತಾಳೆ ನೋಡತಕ್ಕದ್ದು. ಸ್ವೀಕೃತಿ ನೀಡಲಾದ ಒಂದೇ ಒಂದು ನಮೂದು ಕಾಣೆಯಾಗಿದ್ದರೂ ಅಳವಡಿಕೆ ತಪ್ಪಾಗಿದೆ ಎಂದರ್ಥ. ಸ್ವೀಕೃತಿ ನೀಡದ ಕೊನೆಯ ನಮೂದು ಕಾಣೆಯಾಗಿದ್ದಲ್ಲಿ ಅದು ದೋಷವಲ್ಲ. ಒಂದು ಬಾರಿಯ ಯಶಸ್ಸು ಸಾಲದು; ಹಲವು ಬಾರಿ ಪುನರಾವರ್ತಿಸುವುದು ಸೂಕ್ತ.

9. ಇತರ ಎಚ್ಚರಿಕೆಗಳು

9.1 ಅರ್ಧ ಬರೆದ ನಮೂದು: ಬರಹವು ಮೊದಲು ಸಂಸ್ಕಾರಕದ ಕ್ಯಾಶೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದನ್ನು ಹೊರದೂಡುವ ಆಜ್ಞೆಯನ್ನು ತಂತ್ರಾಂಶವು ನೀಡಬೇಕಾಗುತ್ತದೆ. ಅಲ್ಲದೆ ಎಫ್‌ಎಸ್‌ಡ್ಯಾಕ್ಸ್ ವಿಧಾನದಲ್ಲಿ, ಡಿಸ್ಕಿನಂತೆ ಇಡೀ ಸೆಕ್ಟರ್ ಒಮ್ಮೆಗೇ ಬರೆಯಲ್ಪಡುತ್ತದೆ ಎಂಬ ಭರವಸೆ ಇರುವುದಿಲ್ಲ. ಸ್ಥಾಯಿ ಸ್ಮೃತಿಗಾಗಿ ರೂಪಿಸದ ಹಳೆಯ ತಂತ್ರಾಂಶಗಳಿಗೆ ಸೆಕ್ಟರ್ ವಿಧಾನದ ನೇಮ್‌ಸ್ಪೇಸ್ ಸುರಕ್ಷಿತ. ಆದರೆ ಅದರಲ್ಲಿ ಡ್ಯಾಕ್ಸ್ ಸೌಲಭ್ಯವಿಲ್ಲ.

9.2 ಸ್ಥಾಯಿ ಎಂದರೆ ಶಾಶ್ವತವಲ್ಲ: ಈ ಸಾಧನವು ವಿದ್ಯುತ್ ಕಡಿತದಿಂದ ಮಾತ್ರ ರಕ್ಷಣೆ ನೀಡುತ್ತದೆ. ಸಾಧನ ಕೆಟ್ಟಲ್ಲಿ, ಬೆಂಕಿ ಅಥವಾ ನೀರಿಗೆ ಸಿಲುಕಿದಲ್ಲಿ, ಸಿಬ್ಬಂದಿ ತಪ್ಪಾಗಿ ಅಳಿಸಿದಲ್ಲಿ ದತ್ತಾಂಶ ಹೋಗುತ್ತದೆ. ಬೇರೊಂದು ಸ್ಥಳದಲ್ಲಿನ ಬ್ಯಾಕಪ್ ಪ್ರತಿಗೆ ಇದು ಬದಲಿಯಲ್ಲ. ವರ್ಚುಯಲ್ ಯಂತ್ರದ ಸ್ನ್ಯಾಪ್‌ಶಾಟ್ ಸೌಲಭ್ಯವು ಈ ಸಾಧನಗಳಿಗೆ ಅನ್ವಯಿಸದಿರುವ ಸಂದರ್ಭಗಳಿರುವುದರಿಂದ, ಅತಿಥಿಯೊಳಗಿನಿಂದಲೇ ದತ್ತಸಂಚಯದ ಬ್ಯಾಕಪ್ ತೆಗೆಯತಕ್ಕದ್ದು.

9.3 ವಿಲೇವಾರಿ: ಸಾಮಾನ್ಯ ರ‍್ಯಾಮ್ ಎಂದು ತಿಳಿದು ಹಳೆಯ ಸರ್ವರನ್ನು ಹರಾಜಿಗೆ ಕಳುಹಿಸಿದಲ್ಲಿ, ನಾಗರಿಕರ ದಾಖಲೆಗಳೂ ಅದರೊಂದಿಗೆ ಹೋಗುತ್ತವೆ. ಡಿಸ್ಕನ್ನು ತೆಗೆದಿರಿಸಿಕೊಂಡ ಮಾತ್ರಕ್ಕೆ ಸಾಲದು. ವಿಲೇವಾರಿಗೆ ಮುನ್ನ ಎನ್‌ಡಿಸಿಟಿಎಲ್ ಉಪಕರಣದ ಸ್ಯಾನಿಟೈಸ್ ಆಜ್ಞೆಯಿಂದ ಸ್ಮೃತಿ ಸಾಧನವನ್ನು ಅಳಿಸಿ, ಆ ಬಗ್ಗೆ ದಾಸ್ತಾನು ವಹಿಯಲ್ಲಿ ಷರಾ ಬರೆಯತಕ್ಕದ್ದು.

9.4 ಬಿಡಿಭಾಗಗಳು: ಆಪ್ಟೇನ್ ಸಾಧನಗಳ ವ್ಯವಹಾರ ಮುಕ್ತಾಯಗೊಂಡಿರುವುದರಿಂದ ಹೊಸ ಯೋಜನೆಗಳನ್ನು ಅವುಗಳ ಮೇಲೆ ರೂಪಿಸುವುದು ಸೂಕ್ತವಲ್ಲ. ಬಳಕೆಯಲ್ಲಿರುವ ಕಚೇರಿಗಳು ಖಾತರಿ ಅವಧಿಯನ್ನು ಪರಿಶೀಲಿಸಿ, ದತ್ತಾಂಶವನ್ನು ವರ್ಗಾಯಿಸುವ ಯೋಜನೆಯನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು. 2020ರಲ್ಲಿ ಪ್ರಕಟವಾದ ಸಿಎಕ್ಸ್‌ಎಲ್ 2.0 ಮಾನದಂಡದಲ್ಲಿ ಸ್ಥಾಯಿ ಸ್ಮೃತಿಗೆ ಅವಕಾಶ ಕಲ್ಪಿಸಲಾಗಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯುಪಿಎಸ್ ಇರುವಾಗ ಸ್ಥಾಯಿ ಸ್ಮೃತಿ ಏಕೆ ಬೇಕು?
ಉತ್ತರ: ಯುಪಿಎಸ್ ಹೊರಗಿನ ವಿದ್ಯುತ್ ಕಡಿತದಿಂದ ರಕ್ಷಿಸುತ್ತದೆ. ಸರ್ವರ್‌ನ ಒಳಗಿನ ವಿದ್ಯುತ್ ಘಟಕ ಕೆಟ್ಟಾಗ ಅಥವಾ ಯುಪಿಎಸ್‌ನ ಬ್ಯಾಟರಿಯೇ ಸವೆದಾಗ ಅದು ನೆರವಾಗುವುದಿಲ್ಲ. ಎರಡೂ ಇರುವುದು ಉತ್ತಮ.

ಪ್ರಶ್ನೆ: ಸಣ್ಣ ಕಚೇರಿಗೆ ಇದು ಅನಿವಾರ್ಯವೇ?
ಉತ್ತರ: ಇಲ್ಲ. ಎಫ್‌ಸಿಂಕ್ ಕೋರಿಕೆಯನ್ನು ಪ್ರಾಮಾಣಿಕವಾಗಿ ಪಾಲಿಸುವ ಉತ್ತಮ ಎಸ್‌ಎಸ್‌ಡಿ ಡಿಸ್ಕ್ ಹಾಗೂ ಕ್ರಮಬದ್ಧ ಬ್ಯಾಕಪ್ ಬಹುತೇಕ ಕಚೇರಿಗಳಿಗೆ ಸಾಕಾಗುತ್ತದೆ. ಪ್ರತಿ ಕ್ಷಣಕ್ಕೆ ಬಹುಸಂಖ್ಯೆಯ ನಮೂದುಗಳನ್ನು ಸ್ವೀಕರಿಸುವ ಕೇಂದ್ರಗಳಲ್ಲಿ ಮಾತ್ರ ಸ್ಥಾಯಿ ಸ್ಮೃತಿಯ ವೇಗ ಗಣನೀಯವಾಗಿರುತ್ತದೆ.

ಪ್ರಶ್ನೆ: ಅರ್ಜಿದಾರರು ಏನು ಮಾಡಬೇಕು?
ಉತ್ತರ: ಯಾವುದೇ ಅರ್ಜಿಯ ಸ್ವೀಕೃತಿ ಚೀಟಿಯನ್ನು ಕೆಲಸ ಪೂರ್ಣಗೊಳ್ಳುವವರೆಗೆ ಕಾಪಾಡಿಕೊಳ್ಳತಕ್ಕದ್ದು. ಹಕ್ಕು ಬದಲಾವಣೆಯಾದ ನಂತರ ಹೊಸ ಪಹಣಿಯನ್ನು ಪಡೆದು, ಹೆಸರು, ಸರ್ವೆ ನಂಬರು ಹಾಗೂ ವಿಸ್ತೀರ್ಣವನ್ನು ಪರಿಶೀಲಿಸತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಸ್ವೀಕೃತಿ ಸಂಖ್ಯೆ ಹಾಗೂ ದಿನಾಂಕವನ್ನು ನಮೂದಿಸಿ ಸಂಬಂಧಪಟ್ಟ ಕಚೇರಿಗೆ ಲಿಖಿತ ಮನವಿ ಸಲ್ಲಿಸುವುದು.

11. ಮುಕ್ತಾಯ

ಅರ್ಜಿದಾರರ ಕೈಗೆ ಸ್ವೀಕೃತಿ ಚೀಟಿ ನೀಡುವುದೆಂದರೆ, ಅವರ ನಮೂದು ಉಳಿಯುತ್ತದೆ ಎಂದು ಸರ್ಕಾರವು ಮಾತು ಕೊಟ್ಟಂತೆ. ಶೇರ್, ಡ್ಯಾಕ್ಸ್, ಪಿಮೆಮ್ ಎಂಬ ಸಣ್ಣ ಆಯ್ಕೆಗಳಲ್ಲಿ ಒಂದನ್ನು ಮರೆತರೂ ಆ ಮಾತು ತಪ್ಪುವ ಸಾಧ್ಯತೆಯಿದೆ. ಆದ ಕಾರಣ ಅಳವಡಿಕೆಯ ಪ್ರತಿ ಹಂತವನ್ನು ಬರಹದಲ್ಲಿ ದಾಖಲಿಸಿ, ವಿದ್ಯುತ್ ಕಡಿತದ ಪರೀಕ್ಷೆಯ ಫಲಿತಾಂಶವನ್ನು ಕಡತದಲ್ಲಿ ಇರಿಸಿ, ಮುಂದೆ ಬರುವ ಸಿಬ್ಬಂದಿಗೆ ದೊರೆಯುವಂತೆ ಮಾಡತಕ್ಕದ್ದು.